ಮೇಜರನ ಕೊರಳಿಗೆ ಕವಡೆ ಸರ

ಆ ವರ್ಷದ ಯುಗಾದಿಯ ಬೆಳಿಗ್ಗೆ, ಬಾಯಲ್ಲಿ ಬೇವಿನ ಕಹಿ ಇನ್ನೂ ಇರುವಾಗಲೇ, ನಾನು ಜಗುಲಿಯ ಮೇಲೆ ನಿಂತು ಒಂದು ಘೋಷಣೆ ಮಾಡಿದೆ. ಮುಂದಿನ ಯುಗಾದಿಯವರೆಗೆ ನಮ್ಮ ಮೇಜರನಿಗೆ ಒಂದು ಸೀನು ಬರಕೂಡದು, ಒಂದು ಉಣುಗು ಹತ್ತಕೂಡದು, ಒಂದು ಮುಳ್ಳು ಚುಚ್ಚಕೂಡದು! ಬೇಸಿಗೆ, ಮಳೆ, ಚಳಿ, ಮೂರು ಕಾಲದಲ್ಲೂ ನಾಯಿಯನ್ನು ಹೇಗೆ ಸಾಕಬೇಕೆಂಬುದನ್ನು ಸೂಳಗಿರಿಗೆಲ್ಲ ತೋರಿಸಿಕೊಡುತ್ತೇನೆ!

ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ಮುನಿರತ್ನಮ್ಮ. ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಳು. ಇನ್ನೊಬ್ಬ ಮೇಜರ್; ಅಂಗಳದಲ್ಲಿ ನಾಲ್ಕು ಕಾಲೂ ಮೇಲೆ ಮಾಡಿ ಮಲಗಿದ್ದ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಮಹಾತ್ಮರಿಗೆಲ್ಲ ಮೊದಮೊದಲು ಹೀಗೇ ಆಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆಗ ಯುದ್ಧದ ಕಾಲ. ನಾನು ಹೊಸೂರಿಗೂ ಕೃಷ್ಣಗಿರಿಗೂ ಓಡಾಡುವ ಇದ್ದಿಲು ಬಸ್ಸಿಗೆ ಸೂಳಗಿರಿಯ ಏಜೆಂಟ್. ಆಫೀಸು ಎಂದರೆ ನಮ್ಮ ಮನೆಯ ಜಗುಲಿಯೇ. ಬಸ್ಸು ಬಂದು ನಿಲ್ಲುವುದು ನಮ್ಮ ಬಾಗಿಲ ಮುಂದೆಯೇ. ಪೆಟ್ರೋಲು ಇಲ್ಲದ್ದರಿಂದ ಬಸ್ಸಿನ ಹಿಂದೆ ಒಂದು ಇದ್ದಿಲಿನ ಒಲೆ ಕಟ್ಟಿದ್ದರು. ಅದರ ಹೊಗೆಗೆ ಮನಸ್ಸು ಬಂದರೆ ಬಸ್ಸು, ಬರದಿದ್ದರೆ ಜನ ಇಳಿದು ತಳ್ಳಬೇಕು. ಬೆಳಗಿನ ಬಸ್ಸು ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ದೇವರು ಕೊಟ್ಟಾಗ. ಹೀಗಾಗಿ ನನಗೆ ಬಿಡುವು ಬೇಕಾದಷ್ಟಿತ್ತು. ನನ್ನ ತಲೆಗೆ ಬಂದ ಎಲ್ಲ ಯೋಜನೆಗಳಿಗೂ ಆ ಬಿಡುವೇ ಕಾರಣ.

ಮೇಜರ್ ಬಂದದ್ದು ಮತ್ತಿಗಿರಿ ಕಡೆಯ ಒಬ್ಬ ಇಂಗ್ಲಿಷ್ ದೊರೆಯ ಮನೆಯಿಂದ. ಅವನ ತಾಯಿ ಸಾಕ್ಷಾತ್ ಸೀಮೆನಾಯಿ ಎಂದು ದೊರೆಯ ಬಟ್ಲರು ಆಣೆ ಮಾಡಿ ಹೇಳಿದ್ದ. ತಂದೆಯ ವಿಷಯ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಾಲ ನೋಡಿದವರಿಗೆ ತಂದೆ ನಮ್ಮ ಸಂತೆಬೀದಿಯವನೇ ಎಂದು ಅನುಮಾನ ಬರುತ್ತಿತ್ತು. ನಾನು ಮಾತ್ರ ಮುಖವನ್ನು ನೋಡುತ್ತಿದ್ದೆ.

ಬೇಸಿಗೆಗೆ ಮೇಜರನಿಗೆ ಹೊಂಗೆಮರದ ಕೆಳಗೆ ಒದ್ದೆ ಗೋಣಿತಾಟಿನ ಹಾಸಿಗೆ, ಮಧ್ಯಾಹ್ನಕ್ಕೆ ನೀರು ಮಜ್ಜಿಗೆ. ಮಳೆಗಾಲಕ್ಕೆ ಮೈಗೆಲ್ಲ ಬೇವಿನೆಣ್ಣೆ. ಆ ವಾಸನೆಗೆ ಉಣುಗು ಓಡಿಹೋದವು, ಅವುಗಳ ಹಿಂದೆಯೇ ನಮ್ಮ ನೆಂಟರೂ ಓಡಿಹೋದರು. ದೀಪಾವಳಿಗೆ ಪಟಾಕಿ ಸದ್ದಿಗೆ ಬೆದರಬಾರದೆಂದು ಕಿವಿಗೆ ಹತ್ತಿ ಇಟ್ಟೆ. ಯುದ್ಧದ ದೆಸೆಯಿಂದ ಆ ವರ್ಷ ಊರಿನಲ್ಲಿ ಪಟಾಕಿಯೇ ಇರಲಿಲ್ಲ. ಹತ್ತಿಯಿಂದಾಗಿ ಮೇಜರನಿಗೆ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ, ಅಷ್ಟೇ. ಚಳಿಗಾಲಕ್ಕೆ ನನ್ನ ಮಾವನವರು ಮದುವೆಯಲ್ಲಿ ಕೊಟ್ಟಿದ್ದ ಕಂಬಳಿಯನ್ನು ಕತ್ತರಿಸಿ ಮೇಜರನಿಗೆ ಕೋಟು ಹೊಲಿದೆ.

ಕಂಬಳಿಯ ಅರ್ಧ ಸಿಕ್ಕಿದ ದಿನ ಮುನಿರತ್ನಮ್ಮ ಕೂಗಾಡಲಿಲ್ಲ. ಉಳಿದರ್ಧವನ್ನು ಮಡಿಸಿ ನನ್ನ ಹಾಸಿಗೆಯ ಮೇಲಿಟ್ಟು ಹೇಳಿದಳು: "ನಂಗ್ ಜರ ಬಂದಾಗ ಒಂದ್ ಲೋಟ ಬಿಸ್ನೀರ್ ಕಾಯಿಸ್ಕೊಟ್ಟೋರಲ್ಲ ನೀವು. ಮುಂದಿನ್ ಜನ್ಮದಾಗೆ ಈ ಮನೆ ನಾಯಿಯಾಗಿ ಹುಟ್ಬೇಕು ನಾನು."

ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಸಂಕ್ರಾಂತಿ ಕಳೆಯಿತು. ಮೇಜರ್ ಒಂದು ಸಲವೂ ಸೀನಿರಲಿಲ್ಲ. ಬಸ್ಸಿಗೆ ಕಾದು ಕೂತವರಿಗೆಲ್ಲ ನಾನು ಟಿಕೆಟ್ಟಿನ ಜೊತೆಗೆ ನಾಯಿ ಸಾಕುವ ಉಪದೇಶವನ್ನೂ ಕೊಡುತ್ತಿದ್ದೆ. ಎದುರುಮನೆಯ ಆವುಲಪ್ಪನಂತೂ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಇನ್ನೇನು ಯುಗಾದಿ, ಇನ್ನೇನು ವಿಜಯೋತ್ಸವ ಎನ್ನುವಾಗ ಬೀದಿಯಲ್ಲಿ ತಮಟೆ ಸದ್ದಾಯಿತು.

ತಮಟೆ ಹೊಡೆದು ಸಾರುವವನು ಬಚ್ಚಪ್ಪ. ರಾಯಕೋಟೆ ಕಡೆ ಹುಚ್ಚುನಾಯಿ ಕಚ್ಚಿ ಜನ ಆಸ್ಪತ್ರೆ ಸೇರಿದ್ದಾರಂತೆ. ಮೇಲಿನಿಂದ ಹುಕುಂ ಆಗಿದೆಯಂತೆ. ನಾಳೆಯಿಂದ ಕೊರಳಲ್ಲಿ ಪಟ್ಟಿ ಇಲ್ಲದ ನಾಯಿ ಬೀದಿಯಲ್ಲಿ ಕಂಡರೆ ಹೊಡೆದು ಹಾಕುತ್ತಾರಂತೆ. ನಮ್ಮ ಊರಿನಲ್ಲಿ ಸಾರುವುದನ್ನೆಲ್ಲ ಮೂರು ಭಾಷೆಯಲ್ಲಿ ಸಾರಬೇಕು. ತೆಲುಗಿನಲ್ಲಿ ಕೇಳಿದಾಗ ಹೆದರಿದೆ, ತಮಿಳಿನಲ್ಲಿ ಕೇಳಿದಾಗ ಬೆವೆತೆ, ಕನ್ನಡದಲ್ಲಿ ಕೇಳಿದಾಗ ಜಗುಲಿಯ ಮೇಲೆ ಕೂತುಬಿಟ್ಟೆ.

ಚಪ್ಪಲಿ ಹೊಲಿಯುವವನ ಹತ್ತಿರ ಓಡಿದೆ. ತೊಗಲೆಲ್ಲ ಸಿಪಾಯಿಗಳ ಬೂಟಿಗೆ ಹೋಗುತ್ತಿದೆ, ಒಂದು ಚೂರೂ ಇಲ್ಲ ಎಂದ. ನಮ್ಮ ಬಸ್ಸಿನ ಯಜಮಾನರು ವೆಂಕಟೇಶಪ್ಪನವರು. ಹಳೆಯ ಟೈರಿನಲ್ಲಿ ಒಂದು ಪಟ್ಟಿ ಕೊಯ್ದು ಕೊಡಿ ಎಂದು ಅವರನ್ನು ಕೇಳಿದೆ. ಟೈರು ಚಿನ್ನಕ್ಕಿಂತ ಹೆಚ್ಚಾಗಿರುವಾಗ ನಾಯಿಗೆ ಕೊಡಲೇ ಎಂದು ನನ್ನನ್ನೇ ಬೈದರು. ಮುನಿರತ್ನಮ್ಮ ಮಾತ್ರ ಸುಲಭದ ದಾರಿ ಹೇಳಿದಳು. ಒಂದು ಹಗ್ಗ ಕಟ್ಟಿ, ಇಲ್ಲವೇ ಗಲಾಟೆ ಮುಗಿಯುವವರೆಗೆ ಮನೆಯೊಳಗೇ ಇಟ್ಟುಕೊಳ್ಳಿ ಎಂದಳು.

ನನ್ನ ಮೇಜರನಿಗೆ ಹಗ್ಗವೇ! ಹಗ್ಗ ಎಮ್ಮೆಗೆ! ಮನೆಯೊಳಗೆ ಕಟ್ಟಿಹಾಕಿದರೆ ಅವನ ಬೆಳಗಿನ ತಿರುಗಾಟದ ಗತಿ ಏನು? ವರ್ಷವಿಡೀ ಕಾಪಾಡಿದ ಆರೋಗ್ಯದ ಗತಿ ಏನು?

ಹಾಗೆಂದು ತಲೆ ಎತ್ತಿದಾಗ ದೇವರ ಗೂಡಿನ ಪಕ್ಕದ ಮೊಳೆ ಕಣ್ಣಿಗೆ ಬಿತ್ತು. ಅದರಲ್ಲಿ ನಮ್ಮ ತಾತನ ಕವಡೆ ಸರ ನೇತಾಡುತ್ತಿತ್ತು.

ತಾತ ಮೈಲಾರಲಿಂಗನ ಗೊರವ. ಗೊರವರೆಂದರೆ ದೇವರ ನಾಯಿಗಳೆಂದೇ ಲೆಕ್ಕ. ಕೊರಳಿಗೆ ಕವಡೆ ಸರ ಹಾಕಿಕೊಳ್ಳುತ್ತಾರೆ. ಹಾಲು, ಬಾಳೆಹಣ್ಣು, ಬೆಲ್ಲ ಕಲಸಿ ದೋಣಿ ಎಂಬ ಮರದ ಬಟ್ಟಲಿಗೆ ಹಾಕಿದರೆ, ಮಂಡಿಯೂರಿ ಬೊಗಳುತ್ತ ಬಂದು, ಕೈ ಹಚ್ಚದೆ ಬಾಯಿಂದಲೇ ತಿನ್ನುತ್ತಾರೆ. ಅದು ದೋಣಿ ಸೇವೆ. ತಾತ ಹೋದ ಮೇಲೆ ಸರವೂ ದೋಣಿಯೂ ಮೊಳೆ ಹತ್ತಿದ್ದವು. ಅಪ್ಪ ಮುಟ್ಟಲಿಲ್ಲ. ನಾನಂತೂ ಇಂಗ್ಲಿಷಿನಲ್ಲಿ ರುಜು ಹಾಕುವವನು. ನನಗೂ ಅದಕ್ಕೂ ಏನು ಸಂಬಂಧ? ನಮ್ಮ ಮನೆತನದಲ್ಲಿ ಇನ್ನೂ ಸೇವೆ ಮಾಡುವವರು ಬೀದಿಯ ಕೊನೆಯಲ್ಲಿದ್ದ ಪಾಪಯ್ಯ ಚಿಕ್ಕಪ್ಪ ಒಬ್ಬರೇ.

ಸರ ಇಳಿಸಿದೆ. ಕುರಿ ಉಣ್ಣೆಯ ಹುರಿಗೆ ಒತ್ತಾಗಿ ಪೋಣಿಸಿದ ಕವಡೆಗಳು. ಮೇಜರನ ಕೊರಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಮುನಿರತ್ನಮ್ಮ ಬಾಗಿಲಲ್ಲಿ ನಿಂತು, ದೇವರ ವಸ್ತು, ಬೇಡ ಎಂದಳು. ಜೀವ ದೊಡ್ಡದೋ ಕವಡೆ ದೊಡ್ಡದೋ ಎಂದು ಕೇಳಿ ಅವಳ ಬಾಯಿ ಮುಚ್ಚಿಸಿದೆ.

ಸುದ್ದಿ ಕೇಳಿ ಚಿಕ್ಕಪ್ಪ ಕೋಲೂರಿಕೊಂಡು ಬಂದರು. "ಲಕ್ಷ್ಮಣ, ಆ ಸರಕ್ಕೆ ಸೇವೆ ಐತೆ ಕಣ್ಲಾ. ಕಟ್ಕಂಡೋನು ದೋಣಿ ಸೇವೆ ಮಾಡ್ದೆ ಬಿಚ್ಚಂಗಿಲ್ಲ. ನೀನ್ ನಾಯಿಗ್ ಕಟ್ಬುಟ್ಟಿದ್ದೀಯ. ಸೇವೆ ಯಾರ್ ಮಾಡೋರು?"

"ನಾಯೀನೇ ಮಾಡ್ಕಂತದೆ ಬಿಡಿ ಚಿಕ್ಕಪ್ಪ. ಅದುಕ್ಕೆ ಅಭ್ಯಾಸ ಐತೆ," ಎಂದೆ. ಬಸ್ಸಿಗೆ ಕಾದಿದ್ದವರೆಲ್ಲ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಆ ದಿನ ನಾನು ನಕ್ಕ ನಗುವನ್ನು ಈಗ ನೆನೆದರೆ ಗೋಡೆಯ ಕಡೆ ತಿರುಗಿ ಕೂರಬೇಕು ಅನ್ನಿಸುತ್ತದೆ.

ಮಾರನೆಯ ದಿನ ಬಚ್ಚಪ್ಪ ತನ್ನ ಜೊತೆಯವನೊಬ್ಬನನ್ನು ಕರೆದುಕೊಂಡು ದೊಣ್ಣೆ ಹಿಡಿದು ಬಂದ. ಮೇಜರ್ ಎದುರಿಗೇ ನಿಂತಿದ್ದ. ಕೊರಳಿನ ಕವಡೆ ನೋಡಿದ್ದೇ ಬಚ್ಚಪ್ಪ ದೊಣ್ಣೆಯನ್ನು ಕಂಕುಳಲ್ಲಿಟ್ಟುಕೊಂಡು ಎರಡೂ ಕೈ ಮುಗಿದ! ನಾನು ಜಗುಲಿಯ ಮೇಲೆ ಮೀಸೆ ತೀಡಿಕೊಂಡೆ. ದೊರೆಗಳ ನಾಯಿಗೂ ಸಿಗದ ಮರ್ಯಾದೆ ಅಲ್ಲವೇ?

ಆ ಮರ್ಯಾದೆಯೇ ಮುಳುವಾಯಿತು. ದೊಣ್ಣೆಯವನು ಕೈಮುಗಿದ ನಾಯಿ ಎಂದ ಮೇಲೆ ಊರು ಸುಮ್ಮನಿರುತ್ತದೆಯೇ? ಮೊದಲು ಅಂಜಿನಮ್ಮನ ಮನೆಯಲ್ಲಿ ಕರೆದು ತುಪ್ಪದನ್ನ ಇಟ್ಟರು. ಆಮೇಲೆ ಅಕ್ಕಯಮ್ಮನ ಕಳೆದುಹೋಗಿದ್ದ ಎಮ್ಮೆ ತಾನಾಗಿ ಮನೆಗೆ ಬಂತು. ಆ ಹೊತ್ತಿನಲ್ಲಿ ಮೇಜರ್ ಅವರ ತಿಪ್ಪೆಯ ಮೇಲೆ ನಿಂತಿದ್ದನಂತೆ! ಅಲ್ಲಿಗೆ ಮುಗಿಯಿತು. ಒಬ್ಬಟ್ಟು, ಪಾಯಸ, ಮೂಳೆ, ಕೊಬ್ಬರಿ, ಎಲ್ಲವೂ ಮೇಜರನಿಗೆ. ಭಾನುವಾರ ಮೈಲಾರಲಿಂಗನ ವಾರ. ಅಂದು ಹೆಂಗಸರು ಕೊಡ ಕೊಡ ಅರಿಶಿನದ ನೀರು ತಂದು ಅವನಿಗೆ ಸ್ನಾನ ಮಾಡಿಸಿ, ನೆತ್ತಿಗೆ ಭಂಡಾರದ ಅರಿಶಿನ ಹಚ್ಚಿ, ಏಳು ಕೋಟಿಗೋ ಎಂದು ಕೂಗಿ ಹೋಗುತ್ತಿದ್ದರು. ನನ್ನ ಸೀಮೆನಾಯಿ ಕೆಲವೇ ವಾರಗಳಲ್ಲಿ ಹಳದಿ ಬಣ್ಣಕ್ಕೆ ತಿರುಗಿದ.

ಮಜ್ಜಿಗೆ ಇಟ್ಟರೆ ಮೂಸಿಯೂ ನೋಡುತ್ತಿರಲಿಲ್ಲ. ಹಗಲೆಲ್ಲ ಬೀದಿಯ ಮೇಲೆ ಸವಾರಿ, ಸಂಜೆಗೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಮನೆಗೆ ಬರುವುದು. ಯಾರೂ ತಿನ್ನಲು ಕೊಡಬೇಡಿ ಎಂದು ಮನೆ ಮನೆಗೆ ಹೋಗಿ ಕೇಳಿಕೊಂಡೆ. ದೇವರಿಗೆ ಇಡುವುದನ್ನು ಬೇಡ ಎನ್ನಲು ನೀನು ಯಾರು ಎಂದು ಕೇಳಿದರು. ವರ್ಷವಿಡೀ ಊರಿಗೆ ಉಪದೇಶ ಮಾಡಿದ ಏಜೆಂಟ್ ಲಕ್ಷ್ಮಣಪ್ಪ ಬಂದ ದಾರಿಯಲ್ಲೇ ಮನೆಗೆ ತಿರುಗಿದ.

ಒಂದು ಭಾನುವಾರದ ಸ್ನಾನವಾದ ಮೇಲೆ ಮೇಜರ್ ಹೊರಗೆ ಹೋಗಲಿಲ್ಲ. ನಡುಮನೆಯಲ್ಲಿ ರಾಗಿ ತುಂಬುವ ದೊಡ್ಡ ವಾಡೆ ಇತ್ತು, ಕಲ್ಲಿನ ಕಾಲುಗಳ ಮೇಲೆ ಕೂರಿಸಿದ್ದು. ಅದರ ಕೆಳಗೆ ನುಗ್ಗಿ ಮೂಲೆಗೆ ಮುದುರಿಕೊಂಡ. ಕರೆದರೆ ಬರಲಿಲ್ಲ. ಕೈ ಚಾಚಿದರೆ ಗುರ್ ಎಂದ. ನನ್ನ ಮೇಲೆ ಅವನು ಗುರ್ ಎಂದದ್ದು ಅದೇ ಮೊದಲು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನೀರಿನ ಬಟ್ಟಲು ತಳ್ಳಿದರೆ ಬಾಯಿ ಹಾಕಿದ, ನುಂಗಲಾರದೆ ಬಿಟ್ಟ.

ಮುನಿರತ್ನಮ್ಮ ದೀಪ ಹಿಡಿದು ಬಗ್ಗಿ ನೋಡಿದಳು. "ಕೊಳ್ಳು ನೋಡಿ," ಎಂದಳು.

ಆಗ ನನಗೆ ಕಂಡಿತು. ತುಪ್ಪದನ್ನ ತಿಂದು ಕೊರಳು ದಪ್ಪಗಾಗಿತ್ತು. ಮೇಲಿಂದ ಮೇಲೆ ಸ್ನಾನದ ನೀರು ಹೀರಿ ಉಣ್ಣೆಯ ಹುರಿ ಬಿಗಿದುಕೊಂಡಿತ್ತು. ಕವಡೆಗಳು ರೋಮದೊಳಗೆ ಹೂತು ಹೋಗಿದ್ದವು. ನಾನು ಪ್ರಾಣ ಉಳಿಸಲೆಂದು ಕಟ್ಟಿದ ಸರ ಅವನ ಉಸಿರು ಕಟ್ಟುತ್ತಿತ್ತು. ದಿನವೂ ಅವನ ಕಿವಿ, ಮೂಗು, ಉಗುರು ನೋಡುತ್ತಿದ್ದ ನಾನು, ಹೊಗಳಿಕೆ ಬಂದ ಮೇಲೆ ಒಂದು ದಿನವೂ ಕೊರಳಿಗೆ ಬೆರಳು ಹಾಕಿ ನೋಡಿರಲಿಲ್ಲ. ನಾಚಿಕೆ ಎಂದರೆ ಏನೆಂದು ನನಗೆ ಅಲ್ಲಿ, ಆ ವಾಡೆಯ ಪಕ್ಕದಲ್ಲಿ, ಮೊದಲ ಸಲ ತಿಳಿಯಿತು.

ಅಷ್ಟರಲ್ಲಿ ಆವುಲಪ್ಪ ಬೆಂಕಿ ಕೇಳಲು ಬಂದವನು ಇಣುಕಿ ನೋಡಿದ. ಜೊಲ್ಲು ನೋಡಿದ, ಗುರ್ ಎಂದದ್ದು ಕೇಳಿದ, ಮುಟ್ಟದ ನೀರು ನೋಡಿದ. ಬೆಂಕಿ ಮರೆತು ಓಡಿದ. ಏಜೆಂಟರ ನಾಯಿಗೆ ಹುಚ್ಚು ಹಿಡಿದಿದೆ ಎಂದು ಬೀದಿಯ ಆ ತುದಿಯವರೆಗೂ ಕೂಗಿಕೊಂಡು ಹೋದ. ದೇವರ ನಾಯಿ ಎಂದು ಕೊಡ ಹೊತ್ತವರೆಲ್ಲ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಬಚ್ಚಪ್ಪ ದೊಣ್ಣೆ ಹಿಡಿದು ನಮ್ಮ ಅಂಗಳಕ್ಕೆ ಬಂದ. ಈ ಸಲ ಕೈ ಮುಗಿಯಲಿಲ್ಲ.

"ಏಜೆಂಟ್ರೆ, ನಂಗೂ ಇಷ್ಟ ಇಲ್ಲ. ನೀರ್ ಕುಡೀದೆ ಇರೋ ನಾಯೀನ ಬಿಡಂಗಿಲ್ಲ ಅಂತ ಹುಕುಂ."

ನಾನು ಬಾಗಿಲಿಗೆ ಅಡ್ಡ ನಿಂತೆ. ಅದು ಹುಚ್ಚಲ್ಲ, ಕೊರಳು ಬಿಗಿದಿದೆ, ಸರ ತೆಗೆದರೆ ನೀರು ಕುಡಿಯುತ್ತದೆ ಎಂದೆ. ಹಾಗಾದರೆ ತೆಗೆಯಿರಿ ಎಂದ. ತೆಗೆಯುವುದು ಹೇಗೆ? ಮಾಂಸದ ಚೂರು ತೋರಿಸಿದೆ, ಬರಲಿಲ್ಲ. ಬೇಡಿಕೊಂಡೆ, ಬರಲಿಲ್ಲ. ವಾಡೆಯ ಕೆಳಗೆ ಕೈ ಹಾಕಿದೆ. ಅಂಗಿಯ ತೋಳು ಅವನ ಹಲ್ಲಿಗೆ ಸಿಕ್ಕಿ ಹರಿಯಿತು. ಒಳಗಿನಿಂದ ಸಿಳ್ಳೆಯ ಹಾಗೆ ಉಸಿರು ಕೇಳಿಸುತ್ತಿತ್ತು.

ಅಷ್ಟು ಹೊತ್ತಿಗೆ ಪಾಪಯ್ಯ ಚಿಕ್ಕಪ್ಪ ಬಂದು ನಡುಮನೆಯಲ್ಲಿ ಕೂತಿದ್ದರು. ಅವರು ಒಂದೇ ಮಾತು ಹೇಳಿದರು. ಸೇವೆಯಾಗದೆ ಸರ ಬಿಚ್ಚುವುದಿಲ್ಲ, ಕಟ್ಟಿದವನೇ ಮಾಡಬೇಕು. ನಾನು ಕುಡುಗೋಲು ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಮುನಿರತ್ನಮ್ಮ ಮೊಳೆಯಿಂದ ದೋಣಿ ಇಳಿಸಿ, ತೊಳೆದು, ಹಾಲು ಬಾಳೆಹಣ್ಣು ಬೆಲ್ಲ ಕಲಸಿ, ಜಗುಲಿಯ ಮೇಲೆ ಇಡುತ್ತಿದ್ದಳು. ಒಳಗೆ ಕತ್ತಲು, ಜಾಗವಿಲ್ಲ, ಅದಕ್ಕೆ ಜಗುಲಿ.

"ನಾನು... ಬೊಗಳಬೇಕಾ?" ಎಂದೆ.

"ವರ್ಷವೆಲ್ಲಾ ಊರ್ ಮುಂದೆ ಮಾತಾಡಿದ್ದೀರಿ," ಎಂದಳು. "ಒಂದ್ ಗಳಿಗೆ ಬೊಗಳಿ. ಅದು ಸಾಯ್ತಾ ಐತೆ." ಅವಳ ಕಣ್ಣಲ್ಲಿ ನೀರಿತ್ತು. ಕಂಬಳಿ ಹೋದಾಗಲೂ ಅಳದವಳು.

ಮಂಡಿಯೂರಿದೆ. ಚಿಕ್ಕಪ್ಪ ನೆತ್ತಿಗೆ ಭಂಡಾರ ಹಚ್ಚಿದರು. ಮೊದಲ ಬೊಗಳು ಗಂಟಲಲ್ಲೇ ಸಿಕ್ಕಿಕೊಂಡು ಕೆಮ್ಮಾಯಿತು. ಕೇಳಿಸಲಿಲ್ಲ ಎಂದರು ಚಿಕ್ಕಪ್ಪ. ಎರಡನೆಯದು ಕೋಳಿಯ ಹಾಗೆ ಬಂತು. ಬಚ್ಚಪ್ಪ ದೊಣ್ಣೆಯ ಮೇಲೆ ಗಲ್ಲ ಊರಿಕೊಂಡು ನೋಡುತ್ತಿದ್ದ. ಒಳಗಿನಿಂದ ಆ ಸಿಳ್ಳೆಯ ಉಸಿರು ಮತ್ತೆ ಕೇಳಿಸಿತು. ಮಾನ ಮರ್ಯಾದೆಯೆಲ್ಲ ಒಟ್ಟಿಗೆ ಬಿಟ್ಟುಕೊಟ್ಟು ಬೊಗಳಿದೆ. ಭೌ ಎಂದೆ, ಗುರ್ ಎಂದೆ, ಊಳಿಟ್ಟೆ, ದೋಣಿಗೆ ಬಾಯಿ ಹಾಕಿದೆ, ಹಾಲು ಮೂಗಿಗೆ ಹೋಯಿತು, ಸೀನಿದೆ! ವರ್ಷವಿಡೀ ಆ ಮನೆಯಲ್ಲಿ ಬರಬಾರದೆಂದು ಕಾಯ್ದ ಸೀನು ಕೊನೆಗೂ ಬಂದದ್ದು ನನಗೆ.

ದೇವರ ಆಟ ನೋಡಿ, ಎಂದೂ ಹೊತ್ತಿಗೆ ಬಾರದ ಬಸ್ಸು ಅಂದು ಆ ಗಳಿಗೆಗೇ ಬಂದು ನಮ್ಮ ಬಾಗಿಲ ಮುಂದೆ ನಿಂತಿತು. ಇದ್ದಿಲು ಕೆದಕಬೇಕಾಗಿತ್ತೆಂದು ಜನವೆಲ್ಲ ಇಳಿದರು. ಮುಂದಿನ ಸೀಟಿನಿಂದ ಸಾಕ್ಷಾತ್ ಯಜಮಾನರು, ವೆಂಕಟೇಶಪ್ಪನವರು ಇಳಿದರು. ಟಿಕೆಟ್ ಎಲ್ಲಿ ಕೊಡುತ್ತಾರೆ ಎಂದು ಹೊಸಬನೊಬ್ಬ ತಮಿಳಿನಲ್ಲಿ ಕೇಳಿದ. ಬಚ್ಚಪ್ಪ ನನ್ನ ಕಡೆ ಕೈ ತೋರಿಸಿ, ಇವರೇ ಏಜೆಂಟ್ ಎಂದ. ಒಬ್ಬ ಮುದುಕಿ ಭಕ್ತಿಯಿಂದ ಬಂದು ನನ್ನ ಪಾದ ಮುಟ್ಟಲು ನೋಡಿದಳು. ಆ ಹೊತ್ತಿಗೆ ನನಗೇ ಕೈ ಯಾವುದು ಕಾಲು ಯಾವುದು ಗೊತ್ತಿರಲಿಲ್ಲ.

ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಎದ್ದುಬಿಡೋಣ ಎಂದು ಮಂಡಿ ಎತ್ತಿದೆ. ಆಗ ಬೆನ್ನ ಹಿಂದೆ ಉಗುರಿನ ಸದ್ದಾಯಿತು.

ಮೇಜರ್ ಹೊಸಿಲಲ್ಲಿ ನಿಂತಿದ್ದ. ಮಾಂಸಕ್ಕೆ ಬಾರದವನು, ಬೇಡಿಕೊಂಡರೂ ಬಾರದವನು, ತನ್ನ ಮನೆಯಲ್ಲಿ ಇನ್ನೊಂದು ನಾಯಿ ಬೊಗಳುವುದನ್ನು ಸಹಿಸಲಾರದೆ ಎದ್ದು ಬಂದಿದ್ದ! ನನ್ನನ್ನು ನೋಡಿದ. ಜಾತಿಯ ಮಾನ ತೆಗೆದೆಯಲ್ಲೋ ಎನ್ನುವ ಹಾಗೆ ನೋಡಿದ. ತೂರಾಡುತ್ತ ಹತ್ತಿರ ಬಂದು, ನನ್ನ ಮುಖಕ್ಕೆ ಮೆತ್ತಿದ್ದ ಹಾಲನ್ನು ಮೂಸಿ, ನನ್ನ ಕೆನ್ನೆಗೆ ಕೆನ್ನೆ ಇಟ್ಟು ನಿಂತುಬಿಟ್ಟ.

ಚಿಕ್ಕಪ್ಪ ಕುಡುಗೋಲಿನ ತುದಿಯಿಂದ ಹುರಿ ಕೊಯ್ದರು. ಕವಡೆಗಳು ಜಗುಲಿಯ ಮೇಲೆ ಚೆಲ್ಲಿ ಉರುಳಿದವು. ಮೇಜರ್ ಒಂದು ದೊಡ್ಡ ಉಸಿರು ತೆಗೆದ, ದೋಣಿಗೆ ಬಾಯಿ ಹಾಕಿದ, ನಾನು ಉಳಿಸಿದ್ದನ್ನೆಲ್ಲ ನೆಕ್ಕಿದ. ಮುನಿರತ್ನಮ್ಮ ತಂಬಿಗೆ ನೀರು ಸುರಿದಳು. ಅದನ್ನೂ ಲಪಲಪ ಎಂದು ಕುಡಿದ. ಬಚ್ಚಪ್ಪ ದೊಣ್ಣೆ ಕೆಳಗಿಟ್ಟ. ನಾನು ಅಲ್ಲೇ, ನಾಲ್ಕು ಕಾಲಿನ ಮೇಲೆಯೇ, ಬಸ್ಸಿನ ಜನರೆಲ್ಲರ ಎದುರಿಗೆ ಅತ್ತುಬಿಟ್ಟೆ.

ವೆಂಕಟೇಶಪ್ಪನವರೇ ಜನರನ್ನು ಬಸ್ಸು ಹತ್ತಿಸಿದರು. ಮುಂದಿನ ಸಲ ಬಂದಾಗ ಹಳೆಯ ಟೈರಿನಿಂದ ಕೊಯ್ದ ಪಟ್ಟಿಯೊಂದನ್ನು ನನ್ನ ಕೈಗಿಟ್ಟು, ಇನ್ನು ಮೇಲೆ ಬೇಕಾದ್ದನ್ನು ಎರಡು ಸಲ ಕೇಳು ಎಂದರು. ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು ಅದನ್ನು ಮುನಿರತ್ನಮ್ಮನೇ ಕಟ್ಟಿದಳು. ದಿನವೂ ಬೆರಳು ಹಾಕಿ ನೋಡುವ ಕೆಲಸ ನನ್ನದು. ಆಮೇಲೆ ಬಂದ ಯುಗಾದಿಗೆ ನಾನು ಬೇವು ಬೆಲ್ಲವನ್ನು ಬಾಯಿ ಮುಚ್ಚಿಕೊಂಡು ತಿಂದೆ.

ಆದರೆ ಊರಿಗೆ ಮರೆವು ಎಲ್ಲಿಯದು? ಹೊಸೂರಿನಿಂದ ಕೃಷ್ಣಗಿರಿಯವರೆಗೆ ನಮ್ಮ ನಿಲ್ದಾಣಕ್ಕೆ ಬೊಗಳೋ ಏಜೆಂಟರ ಸ್ಟಾಪು ಎಂದೇ ಹೆಸರಾಯಿತು. ಅದನ್ನೂ ನುಂಗಿಕೊಂಡು ಒಂದು ವರ್ಷ ತಳ್ಳಿದೆ.

ಮರುವರ್ಷದ ಬೇಸಿಗೆಯಲ್ಲಿ ಮತ್ತೆ ತಮಟೆ ಸದ್ದಾಯಿತು. ಬಚ್ಚಪ್ಪ ಅದೇ ಹುಕುಮನ್ನು ತೆಲುಗಿನಲ್ಲಿ ಸಾರಿದ, ತಮಿಳಿನಲ್ಲಿ ಸಾರಿದ, ಕನ್ನಡದಲ್ಲಿ ಸಾರಿದ. ಕೊರಳಲ್ಲಿ ಪಟ್ಟಿ ಇಲ್ಲದ ನಾಯಿ ಬೀದಿಯಲ್ಲಿ ಕಂಡರೆ ಬಿಡುವುದಿಲ್ಲ. ಜಗುಲಿಯ ತುಂಬ ಬಸ್ಸಿಗೆ ಕಾದ ಜನ. ಮೇಜರ್ ಟೈರು ಪಟ್ಟಿ ಹಾಕಿಕೊಂಡು ನನ್ನ ಪಕ್ಕದಲ್ಲಿ ಗಂಭೀರವಾಗಿ ಕೂತಿದ್ದ. ಈ ಸಲ ನನಗೆ ಭಯವಿಲ್ಲ; ಕಾಲ ಮೇಲೆ ಕಾಲು ಹಾಕಿ, ಟಿಕೆಟ್ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ.

ಒಳಗೆ ರಾಗಿ ಕೇರುತ್ತಿದ್ದ ಮೊರದ ಸದ್ದು ನಿಂತಿತು. ಮುನಿರತ್ನಮ್ಮನ ದನಿ ಕೇಳಿಸಿತು, ತಣ್ಣಗೆ, ಜಗುಲಿಯವರಿಗೆಲ್ಲ ಕೇಳುವ ಹಾಗೆ:

"ಇಗ, ನೀವ್ ಒಳಕ್ ಬನ್ನಿ. ಮೇಜರ್ ಇರ್ಲಿ, ಅದ್ರ ಕೊಳ್ಳಾಗೆ ಪಟ್ಟಿ ಐತೆ."

ನಾನು ಎದ್ದು ಒಳಕ್ಕೆ ಹೋದೆ.